ದಿನಾ ತೆರೆಯುತ್ತಿದ್ದ ಪೆಟ್ಟಿಗೆ

ದೊಮ್ಮಲೂರಿನ ಆಫೀಸಿನಲ್ಲಿ ನನಗೆ ಸಿಕ್ಕಿದ್ದು ಇಣುಕಿ ನೋಡುವ ಕೆಲಸ. ಜನ ತಮ್ಮ ಫೋಟೋ, ಕಾಗದಪತ್ರಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಂತೆ ಯಾರದೋ ಸರ್ವರ್‌ನಲ್ಲಿ ಇಡುತ್ತಾರೆ. ಬೀಗ ಒಡೆಯಲಾಗದಿದ್ದರೂ, ಯಾವ ಪೆಟ್ಟಿಗೆ ಪದೇ ಪದೇ ತೆರೆಯುತ್ತದೆ ಎಂಬುದು ಸರ್ವರ್‌ನವನಿಗೆ ಕಾಣುತ್ತದೆ. ಕಾಕ್ಸ್ ಟೌನಿನ ನಮ್ಮ ಬೇಕರಿಯವನು ನಾನು ಬಾಯಿ ಬಿಡುವ ಮೊದಲೇ ದಿಲ್‌ಪಸಂದ್ ಕಟ್ಟುವುದಿಲ್ಲವೆ, ಹಾಗೆ. ಯಾವುದು ತೆರೆಯಿತೆಂಬುದೂ ತಿಳಿಯದಂತೆ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದವನು ನನ್ನ ಗಂಡ. ಸರ್ವರ್‌ನವನ ಜಾಗದಲ್ಲಿ ಕೂತು ತಪ್ಪು ಹುಡುಕುವವಳು ನಾನು.

ಪರೀಕ್ಷೆಗೆಂದು ಟೀಮಿನವರೆಲ್ಲ ತಮ್ಮ ತಮ್ಮ ಫೋಟೋಗಳನ್ನೇ ತುಂಬಿಸಿದ್ದರು. ಒಂದು ಪೆಟ್ಟಿಗೆ ಬೇಕೆಂದರೆ ಗಂಡನ ಪ್ರೋಗ್ರಾಂ ಬೇಡದ ನಾಲ್ಕಾರನ್ನೂ ಜೊತೆಗೆ ತರುತ್ತಿತ್ತು, ನನ್ನಂಥವರ ಕಣ್ಣಿಗೆ ಮಣ್ಣೆರಚಲು. ಆದರೆ ಕೆಲಸ ಬೇಗ ಮುಗಿಯಲೆಂದು ಎಲ್ಲವನ್ನೂ ಮತ್ತೆ ಇದ್ದ ಜಾಗದಲ್ಲೇ ಇಟ್ಟುಬಿಡುತ್ತಿತ್ತು. ಜೊತೆಗೆ ಬಂದವು ದಿನವೂ ಬದಲಾಗುತ್ತಿದ್ದವು, ಬೇಕಾಗಿದ್ದದ್ದು ಮಾತ್ರ ಬದಲಾಗುತ್ತಿರಲಿಲ್ಲ. ನನ್ನ ಗಂಡ ಮಧ್ಯಾಹ್ನ ಊಟ ಮುಗಿಸಿ ಬಂದ ಕೂಡಲೇ ದಿನಾ ಒಂದೇ ಪೆಟ್ಟಿಗೆ ತೆರೆಯುತ್ತಿದ್ದ.

ಒಳಗೇನಿದೆಯೆಂದು ನನಗೆ ಕಾಣುವಂತಿಲ್ಲ. ಆದರೆ ಫೋಟೋಗಳನ್ನು ಅವನು ವರ್ಷದ ಕ್ರಮದಲ್ಲಿ ತುಂಬಿಸಿದ್ದ. ಅದು ನಮ್ಮ ಮದುವೆಗೆ ಎಷ್ಟೋ ಮುಂಚಿನ ಸಾಲಿನದು. ಆಗ ಅವನಿಗೆ ರಿಚರ್ಡ್ಸ್ ಟೌನಿನ ಒಬ್ಬಳಿದ್ದಳು. ಅವನೇ ಹೇಳಿದ್ದ, ಮುಗಿದ ಕಥೆ ಎಂದು. 

ಈ ತಪ್ಪನ್ನು ಹೇಳಿದರೆ ಅವನು ಸರಿಪಡಿಸುತ್ತಾನೆ, ನನ್ನ ಕಿಂಡಿ ಮುಚ್ಚಿಹೋಗುತ್ತದೆ. ಆದರೆ ಗೊತ್ತಿದ್ದೂ ಸುಮ್ಮನಿರಲು ಆಗಲಿಲ್ಲ. ಅವನ ಮೇಜಿಗೇ ಹೋದೆ.

"ದಿನಾ ಒಂದೇ ಪೆಟ್ಟಿಗೆ ತೆರೀತೀಯಲ್ಲ, ಏನಿದೆ ಅದ್ರಲ್ಲಿ?"

ಅವನ ಮುಖ ಬಿಳಿಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಅರಳಿತು.

"ಅಯ್ಯೋ, ಕಾಣಿಸ್ಬಿಡ್ತಾ? ಒಳ್ಳೇ ಕೆಲ್ಸ ಮಾಡ್ದೆ ಕಣೇ! ತೆಗ್ದಿದ್ದನ್ನ ಪ್ರತಿ ಸಲ ಬೇರೆ ಕಡೆ ಇಟ್ರೆ ಆಯ್ತು."

"ಏನಿದೆ ಅಂತ ಕೇಳ್ದೆ."

"ಯಾವ್ದೋ ಹಳೇ ಫೋಟೋ," ಎಂದವನು ಆಗಲೇ ಟೈಪ್ ಮಾಡಲು ಶುರು ಮಾಡಿದ್ದ.

ಹೊಸ ಪ್ರೋಗ್ರಾಂ ಹಳೆಯದರಷ್ಟೇ ಚುರುಕಾಗಿತ್ತು. ಟೀಮಿನವರು ಚಪ್ಪಾಳೆ ತಟ್ಟಿದರು, ನನ್ನನ್ನೂ ಸೇರಿಸಿ ಹೊಗಳಿದರು. ಮರುದಿನ ಊಟವಾದ ಮೇಲೆ ಅವನು ಬಂದು ಕೂತಾಗ ನಾನು ಪರದೆಯನ್ನೇ ನೋಡುತ್ತಿದ್ದೆ. ಒಂದಷ್ಟು ಪೆಟ್ಟಿಗೆಗಳು ಬಂದವು, ಜಾಗ ಬದಲಿಸಿ ಹೋದವು. ನಿನ್ನೆಯದು ಯಾವುದು, ಇಂದಿನದು ಯಾವುದು, ಒಂದೂ ತಿಳಿಯಲಿಲ್ಲ. ಮೊದಲು ಅವಳು ಒಂದು ಪೆಟ್ಟಿಗೆಯಲ್ಲಿದ್ದಳು. ಈಗ ಅವನು ಯಾವುದನ್ನು ತೆರೆದರೂ ಅದರಲ್ಲಿ ಅವಳೇ ಇರುತ್ತಾಳೆ.