ಬಾಗಿಲಿಗೆ ಅಂಟಿದ ಕೂಪನ್ನುಗಳು

ಮಹಾರಾಜರ ಕಾಲದ ಸಿರಾದಲ್ಲಿ ನಾನು ಹೊಸದಾಗಿ ಸಂಸಾರ ಹೂಡಿದಾಗ, ಪಕ್ಕದ ಮನೆಯಮ್ಮ ಮೊದಲು ವಿಚಾರಿಸಿದ್ದು ನನ್ನ ತವರನ್ನಲ್ಲ, ಟೀ ಪೊಟ್ಟಣವನ್ನು. ಒಳಗಿನ ಕೂಪನ್ನು ಹತ್ತು ಕೂಡಿಸಿದರೆ ಅಂಗಡಿಯಲ್ಲಿ ಒಂದು ಪೊಟ್ಟಣ ಬಿಟ್ಟಿ. "ಬಿಸಾಕ್ಬುಟ್ಟೀಯ ಕಣಮ್ಮ, ಜೋಪಾನ!" ಎಂದು ದಿನಾ ಎಚ್ಚರಿಸುತ್ತಿದ್ದರು.

ತಮ್ಮವು ಕಳೆಯಬಾರದೆಂದು ಅನ್ನದ ಅಗುಳು ಮೆತ್ತಿ ಬೀದಿ ಬಾಗಿಲ ಒಳಮೈಗೆ ಅಂಟಿಸಿದ್ದರು. ಹತ್ತಾದ ದಿನ ಕೀಳಲು ಹೋದರೆ ಒಂದೂ ಏಳಲಿಲ್ಲ. ನಾನು ಪೆಚ್ಚಾದೆ. ಅವರು ಸೆರಗು ಸಿಕ್ಕಿಸಿಕೊಂಡು ಹೋಗಿ ಅಂಗಡಿ ಸಾಹೇಬರನ್ನೇ ಕರೆತಂದರು. ಸಾಹೇಬರು ನಗುತ್ತಾ ಎಣಿಸಿ, ಒಂದೊಂದಕ್ಕೂ ಪೆನ್ಸಿಲ್ ಗೀಟು ಎಳೆದು ಪೊಟ್ಟಣ ಕೊಟ್ಟರು.

ಪಕ್ಕದ ಮನೆಯಮ್ಮ ಅದನ್ನು ಅಲ್ಲೇ ಒಡೆದು ಮೂವರಿಗೂ ಟೀ ಕಾಸಿದರು. ಸಾಹೇಬರು ಲೋಟ ಎತ್ತುವಷ್ಟರಲ್ಲಿ ಈಯಮ್ಮ ಹೊಸ ಕೂಪನ್ನಿಗೆ ಅಗುಳು ಮೆತ್ತಿ ಬಾಗಿಲಿಗೆ ಒತ್ತುತ್ತಿದ್ದರು.

"ಇನ್ನು ಒಂಬತ್ತೇ, ಸಾಹೇಬ್ರೇ!"