ಜಿಂಕೆಯ ಬೆನ್ನಿನ ಗೆರೆ

ಸೆಲ್ವಣ್ಣ, ನಿಮ್ಮ ಕೈ ನಡುಗುತ್ತಿರಲಿಲ್ಲ. ನಡುಗುತ್ತದೆ ಎಂದು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನೀವು ತೀರಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ — ಹೇಡಿಗೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಅವೆರಡಕ್ಕಿಂತ ದೊಡ್ಡದಾದ ನನ್ನ ಜಂಬ. ನೀವು ಭದ್ರಾವತಿಯ ಪೇಂಟರ್. ಬಸ್ಸಿನ ಮೈಮೇಲೆ ಹೆಸರು, ಚಿತ್ರ ಬರೆಯುವುದರಲ್ಲಿ ನಿಮಗೆ ಸಮ ಯಾರೂ ಇರಲಿಲ್ಲ. ಬಸ್ ಮಾಲೀಕರೊಬ್ಬರು ಲೋಗೋ ಬೇಕೆಂದಾಗ ನೀವು ಅಂಗೈಯಗಲದ ಕಾಗದದ ಮೇಲೆ ನೆಗೆಯುವ ಜಿಂಕೆ ಬರೆದುಕೊಟ್ಟಿರಿ. ಕಿವಿಯಿಂದ ಬಾಲದವರೆಗೆ ಒಂದೇ ಗೆರೆ, ಉಸಿರು ಬಿಗಿಹಿಡಿದು ಎಳೆದದ್ದು. ನಾನದನ್ನು ಸ್ಕ್ಯಾನ್ ಮಾಡಿ ಅವರ ಲೆಟರ್‌ಹೆಡ್ಡಿಗೆ ಹಾಕಿದೆ. ಮುದ್ದಾಗಿ ಬಂತು.

ಆಮೇಲೆ ಮಾಲೀಕರು ಅದನ್ನೇ ಬಸ್ಸಿನ ಪಕ್ಕಕ್ಕೆ ಆಳೆತ್ತರದ ಸ್ಟಿಕ್ಕರ್ ಮಾಡಿಸಿ ಎಂದರು. ಅದೇ ಸ್ಕ್ಯಾನನ್ನು ಹಿಗ್ಗಿಸಿ ಪ್ರಿಂಟಿಗೆ ಕಳಿಸಿದೆ. ಸ್ಟಿಕ್ಕರ್ ಬಂದಾಗ ಜಿಂಕೆಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿತ್ತು. ಸ್ಕ್ಯಾನ್ ಎಂದರೆ ಬರೀ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಚುಕ್ಕೆಗಳೂ ಹಿಗ್ಗುತ್ತವೆ — ಇಷ್ಟೂ ನನಗೆ ತಿಳಿದಿರಲಿಲ್ಲ. ಆದರೆ ನಿಮ್ಮ ಕಾಗದ ನನ್ನ ಡ್ರಾಯರಿನಲ್ಲೇ ಇತ್ತು, ಅದರಲ್ಲಿ ಗೆರೆ ನುಣುಪಾಗಿಯೇ ಇತ್ತು. ಏನ್ರೀ ಇದು ಎಂದು ಮಾಲೀಕರು ಗದರಿದಾಗ ನಾನು ಡ್ರಾಯರ್ ತೆರೆಯಲಿಲ್ಲ.

"ಸೆಲ್ವಣ್ಣಂಗೆ ವಯಸ್ಸಾಯ್ತಲ್ಲ ಸಾರ್, ಕೈ ನಡುಗುತ್ತೆ. ಚಿಕ್ಕದ್ರಲ್ಲಿ ಕಾಣಲ್ಲ, ದೊಡ್ಡದು ಮಾಡಿದ್ರೆ ಕಾಣುತ್ತೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ಬಸ್ ಸ್ಟ್ಯಾಂಡು, ಗ್ಯಾರೇಜು ದಾಟಿ ಭದ್ರಾವತಿಯನ್ನೂ ತಲುಪಿತು. ನಿಮ್ಮನ್ನು ಕರೆಯುವವರು ಕಡಿಮೆಯಾದರು. ಒಂದು ಮಧ್ಯಾಹ್ನ ನೀವೇ ಅಂಗಡಿಗೆ ಬಂದು, ಜಗಳವನ್ನೂ ಆಡದೆ, ಬಲಗೈಯನ್ನು ಮೇಜಿನ ಮೇಲೆ ಚಾಚಿದಿರಿ.

"ನಿಜವಾಗ್ಲೂ ನಡುಗುತ್ತಾ ಸಾರ್? ನಂಗೆ ಗೊತ್ತೇ ಆಗ್ತಿಲ್ಲ. ನೀವು ಓದ್ದೋರು, ನೋಡಿ ಹೇಳಿ."

ಕೈ ಒಂದಿಷ್ಟೂ ಅಲುಗದೆ ನಿಂತಿತ್ತು. ನಾನು "ಸ್ವಲ್ಪ" ಎಂದೆ.

ಮೊದಲ ಸುಳ್ಳನ್ನು ಹೆದರಿ ಹೇಳಿದೆ ಎನ್ನಬಹುದೇನೋ. ಎರಡನೆಯದನ್ನು ಯಾಕೆ ಹೇಳಿದೆ?

ನಾಲ್ಕೈದು ವರ್ಷಗಳ ನಂತರ ಕಂಪ್ಯೂಟರಿನಲ್ಲಿ ವೆಕ್ಟರ್ ಚಿತ್ರ ಬರೆಯುವುದನ್ನು ಕಲಿತೆ. ಅಲ್ಲಿ ಚುಕ್ಕೆಗಳ ರಾಶಿಯಿಲ್ಲ. ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಬಾಗಬೇಕು ಎಂಬುದಷ್ಟೇ ಇರುತ್ತದೆ. ಎಷ್ಟು ಹಿಗ್ಗಿಸಿದರೂ ಗೆರೆ ಆಗಷ್ಟೇ ಎಳೆದಂತೆ ಬರುತ್ತದೆ. ಗೆರೆ ತಿರುಗುವಲ್ಲಿ ಒಂದೊಂದು ಬಿಂದು ಇಡಬೇಕು; ನಡುಗಿದ ಗೆರೆಯನ್ನು ಹಿಡಿಯಬೇಕಾದರೆ ಹತ್ತಾರು ಬೇಕು. ನಿಮ್ಮ ಕಾಗದ ತೆಗೆದು ಜಿಂಕೆಯ ಬೆನ್ನಿನ ಉದ್ದಕ್ಕೆ ಬಿಂದು ಇಡುತ್ತಾ ಹೋದೆ. ಮೂರೇ ಸಾಕಾದವು. ಕಂಪ್ಯೂಟರ್ ಮುಂದೆ ಕೂತು ಅತ್ತೆ.

ಅದನ್ನು ಆಳೆತ್ತರಕ್ಕೆ ಪ್ರಿಂಟ್ ತೆಗೆದು, ಎಲ್ಲವನ್ನೂ ಹೇಳಿಬಿಡಬೇಕೆಂದು ಭದ್ರಾವತಿಗೆ ಬಂದೆ. ನೀವು ಬ್ರಷ್ ಬಿಟ್ಟು ಬಹಳ ದಿನವಾಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಿರಿ, ಆದರೂ ತುಳುಕುತ್ತಿತ್ತು. ಈಗ ಕೈ ನಿಜವಾಗಿಯೇ ನಡುಗುತ್ತಿತ್ತು. ವಯಸ್ಸೋ, ನನ್ನ ಮಾತೋ — ಯಾರನ್ನು ಕೇಳಲಿ? ನೆಲದ ಮೇಲೆ ಹಾಳೆ ಬಿಡಿಸಿದೆ. ನೀವು ಬಗ್ಗಿ ಆ ಬೆನ್ನಿನ ಗೆರೆಯ ಮೇಲೆ ಬೆರಳಾಡಿಸಿದಿರಿ.

"ಎಂಥಾ ಕೈ ಸಾರ್ ಇದು. ನೀವೇ ಬರ್ದಿದ್ದಾ?"

ಹೌದೆಂದು ತಲೆಯಾಡಿಸಿದೆ. ಹಾಳೆ ಸುತ್ತಿಕೊಂಡು ಮುಂದಿನ ಬಸ್ಸಿಗೆ ಶಿವಮೊಗ್ಗಕ್ಕೆ ವಾಪಸಾದೆ.