ತವರಿನ ಬಟ್ಟಲು

ಅಮೆರಿಕದ ಸಮಾಮಿಶ್‌ನಿಂದ ಮಗನಿರುವ ನ್ಯೂಕ್ಯಾಸಲ್‌ಗೆ ಹೊರಡುವ ಮೊದಲು ಗೌರಾದೇವಿ ಕಾರಿನ ಕನ್ನಡಿಯಲ್ಲಿ ಕೊರಳು ನೋಡಿಕೊಂಡಳು. ಹವಳದ ಸರ, ಅದರ ನಡುವೆ ಒಂದೇ ಒಂದು ಬಂಗಾರದ ಬಟ್ಟಲು. ಗಂಡ ದ್ಯಾಮಣ್ಣ ತೀರಿಕೊಂಡ ಮೇಲೆ ಕೊರಳಿಗೆ ಏನಾದರೂ ಹಾಕಿಕೊಂಡದ್ದು ಇದೇ ಮೊದಲು.

ಗದಗಿನ ಅವರ ಕಡೆ ತಾಳಿಗೆ ಎರಡು ಪುಟ್ಟ ಬಂಗಾರದ ಬಟ್ಟಲು. ಒಂದು ತವರಿನದು, ಇನ್ನೊಂದು ಗಂಡನ ಮನೆಯದು. ಮದುವೆಯ ದಿನ ಎರಡನ್ನೂ ಒಂದೇ ದಾರಕ್ಕೆ ಪೋಣಿಸುತ್ತಾರೆ. ಗೌರಾದೇವಿಯ ಅವ್ವ ಕೊಟ್ಟ ಬಟ್ಟಲಿನ ಮೇಲೆ ಗಿಳಿಯಿತ್ತು, ತವರಿನ ಸುದ್ದಿ ತರುವ ಹಕ್ಕಿ. ಅತ್ತೆ ಕೊಟ್ಟದ್ದರ ಮೇಲೆ ಕಳಸ, ಮನೆ ಸದಾ ತುಂಬಿರಲಿ ಎಂದು. ಆ ಅತ್ತೆ ತನ್ನ ಮಗಳಿಗೂ ಸೊಸೆಗೂ ಒಂದೇ ಅಚ್ಚಿನಲ್ಲಿ ಕಳಸದ ಬಟ್ಟಲು ಮಾಡಿಸಿದ್ದಳು.

ದ್ಯಾಮಣ್ಣ ಹೋದ ದಿನ ಎರಡನ್ನೂ ಬಿಚ್ಚಿ ಡಬ್ಬಿಗೆ ಹಾಕಿದರು. ಆಮೇಲೆ ಗೌರಾದೇವಿ ಕಾರು ಕಲಿತಳು. ಇಲ್ಲಿ ಹಾಲು ತರಬೇಕೆಂದರೂ ಸ್ಟೀರಿಂಗ್ ಹಿಡಿಯಬೇಕು. ಟೆಸ್ಟಿನಲ್ಲಿ ಎರಡು ಸಲ ಫೇಲಾದರೂ ಬಿಡಲಿಲ್ಲ. ಮಗ ಮಧು ಕೂಸಿಗೆ ಹೆಸರಿಡುವ ದಿನ ಗೊತ್ತುಮಾಡಿದಾಗ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವಳು ತಾನೇ ಎಂದು ನಿಶ್ಚಯಿಸಿದಳು. ಅದೂ ಅವ್ವನ ಬಟ್ಟಲು ಹಾಕಿಕೊಂಡು. ಕಳಸದ ಬಟ್ಟಲು ಡಬ್ಬಿಯಲ್ಲೇ ಉಳಿಯಿತು. ಸೊಸೆ ನಿಸರ್ಗಳಿಗೆ ಕೊಡೋಣವೆಂದು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡಳು.

ಮಗನ ಮನೆಯ ಬಾಗಿಲಲ್ಲೇ ಸಿದ್ದಮ್ಮ ಸಿಕ್ಕಳು. ದ್ಯಾಮಣ್ಣನ ಅಕ್ಕ, ತೊಟ್ಟಿಲಿಗೆಂದು ಗದಗಿನಿಂದ ಬಂದವಳು. ಅವಳ ಗಂಡ ಹೋಗಿ ಬಹಳ ವರ್ಷಗಳಾಗಿದ್ದವು. ಕೊರಳು ಬರಿದು.

“ಕೊರಳಾಗ ಏನವಾ ಅದು, ಗೌರಾ? ನನ್ನ ತಮ್ಮ ತಿರುಗಿ ಬಂದಾನೇನು?”

“ನಿಮ್ಮ ತಮ್ಮಂದು ತಗದಿಟ್ಟೀನಿ, ಅಕ್ಕಾರ. ಇದು ನಮ್ಮವ್ವಂದು.”

“ತಾಳಿ ಅಂದ್ರ ತಾಳಿನ. ತೊಟ್ಟಿಲ ಹತ್ರ ಬರಬ್ಯಾಡ. ನನ್ನಂಗ ಒಳಗ ಕುಂದ್ರು. ಮಂದಿ ಏನಂದಾರು?”

“ಮಂದಿ ಪಾರ್ಕಿಂಗ್ ಹುಡುಕಾಕ ಹತ್ಯಾರ. ನನ್ನ ಕೊರಳ ನೋಡಾಕ ಅವರಿಗೆಲ್ಲಿ ಪುರಸೊತ್ತು?”

ಅಡುಗೆಮನೆಯಲ್ಲಿ ನಿಸರ್ಗ ನಕ್ಕದ್ದು ಕೇಳಿಸಿತು. ಸಿದ್ದಮ್ಮ ನಗಲಿಲ್ಲ, ಬಾಗಿಲೂ ಬಿಡಲಿಲ್ಲ.

ಗೌರಾದೇವಿ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತಳು. “ಅವರು ಕೊಟ್ಟಿದ್ದು ಅವರ ಜೋಡಿ ಹೋತು. ಅವ್ವ ಕೊಟ್ಟಿದ್ದು ಯಾಕ ಹೋಗಬೇಕ್ರಿ? ನಾ ಅವ್ವನ ಮಗಳಾಗೋದು ಬಿಟ್ಟೀನೇನು?”

ಸಿದ್ದಮ್ಮನ ಕೈ ತನ್ನ ಬರಿಗೊರಳಿಗೆ ಹೋಯಿತು.

“ನನ್ನವು ಎರಡೂ ಕರಗಿಸಿ ಮಕ್ಕಳಿಗೆ ಉಂಗುರ ಮಾಡಿದ್ರು,” ಎಂದಳು ಸಣ್ಣ ದನಿಯಲ್ಲಿ. “ತವರಿಂದು ಬ್ಯಾರೆ ಅಂತ ಯಾರೂ ಅನಲಿಲ್ಲ. ನಾನೂ ಅನಲಿಲ್ಲ.”

ಗೌರಾದೇವಿ ಆ ಬರಿಗೊರಳನ್ನು ನೋಡಿದಳು. ಸಿದ್ದಮ್ಮನ ತವರೆಂದರೆ ತನ್ನ ಗಂಡನ ಮನೆಯೇ ಅಲ್ಲವೆ? ಅವಳು ಚೀಲದಿಂದ ಡಬ್ಬಿ ತೆಗೆದು, ಕಳಸದ ಬಟ್ಟಲನ್ನು ಸಿದ್ದಮ್ಮನ ಅಂಗೈಯಲ್ಲಿಟ್ಟಳು.

“ನನಗ ಇದು ಗಂಡನ ಮನೀದು, ಅಕ್ಕಾರ. ನಿಮಗ ತವರಿಂದು.”

ಸಿದ್ದಮ್ಮ ಹೆಬ್ಬೆರಳಿನಿಂದ ಕಳಸವನ್ನು ಸವರಿದಳು. ಮತ್ತೊಮ್ಮೆ ಸವರಿದಳು. ಅವಳ ಅವ್ವನೇ ಹಾಕಿಸಿದ ಅಚ್ಚು.

“ಅವ್ವಾ, ಅತ್ತೀ, ಬರ್ರಿ! ಕೂಸು ಎದ್ದೈತಿ,” ಮಧು ಒಳಗಿನಿಂದ ಕೂಗಿದ.

“ತೊಟ್ಟಿಲದ ಈ ಕಡೆ ನಾ ನಿಲ್ತೀನಿ, ಆ ಕಡೆ ನೀವು ನಿಲ್ರಿ,” ಎಂದಳು ಗೌರಾದೇವಿ. “ತೊಟ್ಟಿಲದ ಕೆಳಗಿಂದ ಮ್ಯಾಲಿಂದ ಕೂಸನ್ನ ದಾಟಿಸಾಕ ಇಬ್ಬರು ಬೇಕು.”

ಸಿದ್ದಮ್ಮ ಬಾಗಿಲು ಬಿಟ್ಟು ಸರಿದಳು. ಎರಡು ಹೆಜ್ಜೆ ನಡೆದು ನಿಂತು, ಹಳೆಯ ಜೋರಿನಲ್ಲೇ ಸೊಸೆಯನ್ನು ಕೂಗಿದಳು:

“ನಿಸರ್ಗಾ, ಒಂದು ದಾರ ಕೊಡವಾ. ಗಟ್ಟಿದು ಕೊಡು, ಕೂಸು ಜಗ್ಗತೈತಿ.”